ಗೂಬೆಯ ಗೋಡೆಯಿಂದ ಇಳಿದದ್ದು

ಬಂಡೆ ಹತ್ತುವವರನ್ನು ಊರೆಲ್ಲ ನೋಡುತ್ತದೆ. ಕೆಳಗೆ ಹಗ್ಗ ಹಿಡಿದು ನಿಂತವನ ಕಡೆ ಯಾರೂ ತಿರುಗುವುದಿಲ್ಲ. ನನ್ನದು ಆ ಕೆಳಗಿನ ಕೆಲಸ. ಕುತ್ತಿಗೆ ಮೇಲೆತ್ತಿ ನಿಲ್ಲಬೇಕು, ಹತ್ತುವವರು ಮುಂದೆ ಸಾಗಿದಂತೆ ಹಗ್ಗ ಬಿಡಬೇಕು, ಬಿದ್ದರೆ ತಡೆಯಬೇಕು. ಮಗ ಏನು ಮಾಡುತ್ತಾನೆಂದು ಸುರಪುರದ ನಮ್ಮ ಓಣಿಯಲ್ಲಿ ಯಾರಾದರೂ ಕೇಳಿದರೆ ಅಮ್ಮಿ ಇವತ್ತಿಗೂ "ಹಗ್ಗದ ಕೆಲಸ" ಎಂದಷ್ಟೇ ಹೇಳಿ ಒಳಗೆ ಹೋಗಿಬಿಡುತ್ತಾಳೆ.

ನಾನು ಹೇಳಹೊರಟಿರುವುದು ಶಹಾಪುರ ಮತ್ತು ಸುರಪುರದ ನಡುವೆ, ಡಾಂಬರು ರಸ್ತೆಯಿಂದ ಒಂದಿಷ್ಟು ಒಳಗಿರುವ ಗುಡ್ಡದಲ್ಲಿ ನಾವು ಕಳೆದ ಒಂದು ಚಳಿಗಾಲದ ಕತೆ. ನಾವು ಅಂದರೆ ನಾನು ಮತ್ತು ಅಕ್ಕ. ಒಡಹುಟ್ಟಿದ ಅಕ್ಕ ಅಲ್ಲ. ಶಹಾಪುರದವಳು, ಬಂಡೆ ಹತ್ತುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು. ದೂರದ ಪರ್ವತಗಳಲ್ಲಿ ಹೆಸರು ಮಾಡಿದ್ದಳು. ಆದರೆ ಮನೆಯ ಮಾಳಿಗೆಯಿಂದಲೇ ಕಾಣುವ ಗುಡ್ಡಗಳ ಹುಚ್ಚು ಅವಳನ್ನು ಬಿಟ್ಟಿರಲಿಲ್ಲ.

ಗುಡ್ಡದ ಮೂಡಣ ಮುಖ ನೆಟ್ಟಗೆ ನಿಂತ ಕಲ್ಲಿನ ಗೋಡೆ. ಅದನ್ನು ಅಲ್ಲಿಯವರೆಗೆ ಯಾರೂ ಹತ್ತಿರಲಿಲ್ಲ. ಗುಡ್ಡದ ಕೆಳಗೆ ಕಾಲುವೆ ಹರಿಯುತ್ತದೆ. ಅದು ಬಂದಾಗಿನಿಂದ ಒಂದು ಪಕ್ಕ ಎರಡೆರಡು ಬೆಳೆ ಭತ್ತ. ಆದರೆ ಕಾಲುವೆಯ ಕೊನೆಗೆ ಹೋದಂತೆ ಕಲ್ಲಿನ ಒಳಹಾಸು ಕಿತ್ತುಹೋಗಿ, ನೀರು ನಡುದಾರಿಯಲ್ಲೇ ಇಂಗಿ, ಕಡೆಯ ಹೊಲಗಳಿಗೆ ತಲುಪುತ್ತಿರಲಿಲ್ಲ. ಅದನ್ನು ರಿಪೇರಿ ಮಾಡಲು ಕಲ್ಲು ಬೇಕಿತ್ತು. ಗುತ್ತಿಗೆದಾರನ ಕಣ್ಣು ನಮ್ಮ ಗೋಡೆಯ ಮೇಲೆ ಬಿದ್ದಿತ್ತು.

ಅಕ್ಕ ಪಂಚಾಯಿತಿ ಅಧ್ಯಕ್ಷೆಯ ಮನೆಗೆ ಹೋಗಿ, ಈ ಗೋಡೆಯನ್ನು ಇಡಿಯಾಗಿ ಬಿಟ್ಟರೆ ದೇಶದ ಹತ್ತುವವರೆಲ್ಲ ಇಲ್ಲಿಗೆ ಬರುತ್ತಾರೆ, ಊರಿಗೆ ಅದರಿಂದ ಅನುಕೂಲ ಆಗುತ್ತದೆ ಎಂದು ವಿವರಿಸಿದಳು. ಅಧ್ಯಕ್ಷೆ ಎಲ್ಲ ಕೇಳಿ, "ಮೊದ್ಲ ನೀವು ಹತ್ತಿ ತೋರಸ್ರಿ. ಎಲ್ಲಾರ ಮುಂದ. ಆಮ್ಯಾಲ ನಾ ಇಂಜಿನಿಯರ್ ಸಾಹೇಬ್ರಿಗೆ ಹೇಳ್ತೀನಿ, ಈ ಮಗ್ಗಲು ಬಿಡ್ರಿ ಅಂತ" ಎಂದರು. ಅವಳು ಹತ್ತುವುದನ್ನು ಒಂದು ಬೂಟಿನ ಕಂಪನಿಯವರು ಸಿನಿಮಾ ತೆಗೆಯಲು ಒಪ್ಪಿಕೊಂಡರು. ಅಲ್ಲಿಗೆ ಲೆಕ್ಕ ಸ್ಪಷ್ಟವಾಯಿತು. ಅಕ್ಕ ತುದಿ ಮುಟ್ಟಿದರೆ ಗೋಡೆ ಉಳಿಯುತ್ತದೆ, ಮುಟ್ಟದಿದ್ದರೆ ಜಲ್ಲಿಯಾಗುತ್ತದೆ.

ಅಕ್ಕನ ಕೆಲಸದ ರೀತಿಯನ್ನು ಇಲ್ಲಿ ಹೇಳಬೇಕು. ಬೆಳಿಗ್ಗೆ ಹತ್ತುವ ಮುನ್ನ ಅವಳು ಬೀಳುತ್ತಾಳೆ. ಸ್ವಲ್ಪ ಮೇಲೆ ಹೋಗಿ, ಬಂಡೆಗೆ ಜಡಿದ ಬೋಲ್ಟಿಗೆ ಹಗ್ಗ ಸಿಕ್ಕಿಸಿ, ಅದಕ್ಕಿಂತ ಮೇಲೇರಿ, ಬೇಕಂತಲೇ ಕೈ ಬಿಡುತ್ತಾಳೆ. ನಾನು ತಡೆಯುತ್ತೇನೆ. ಹೊಸದರಲ್ಲಿ ಒಮ್ಮೆ ಕೇಳಿದ್ದೆ: "ಅಂಜಿಕಿ ಆಗಂಗಿಲ್ಲೇನ್ರಿ ಅಕ್ಕಾರ?"

"ಆಗ್ತದ. ಇವತ್ತ ಎಷ್ಟ ಅದ ಅಂತ ನೋಡಾಕ ಬೀಳ್ತೀನಿ."

ಹೊರಡುವಾಗ ಹಗ್ಗಕ್ಕೆ ಹಾಕಿದ ನನ್ನ ಗಂಟನ್ನು ಅವಳು, ಅವಳ ಗಂಟನ್ನು ನಾನು ಮುಟ್ಟಿ ನೋಡುತ್ತೇವೆ. ಆಮೇಲೆ ಅವಳು ಅಂದಿನ ಅತಿ ಕೆಟ್ಟ ಸಾಧ್ಯತೆಯನ್ನು ಬಾಯಿಬಿಟ್ಟು ಹೇಳುತ್ತಾಳೆ. ಸಿಪ್ಪೆಯಂತೆ ಎದ್ದ ಆ ಕಲ್ಲು ಕಿತ್ತರೆ ಅವಳು ಎತ್ತ ಬೀಳುತ್ತಾಳೆ, ಕಲ್ಲು ಎತ್ತ ಬೀಳುತ್ತದೆ, ನಾನು ಎಲ್ಲಿ ನಿಂತಿರಬೇಕು. ಅವಳು ಬೀಳುವ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ನಾನು ನಿಲ್ಲುವ ಜಾಗದ ಬಗ್ಗೆ ಮಾತ್ರ ಬಿಟ್ಟೂಬಿಡದೆ ಜಗಳವಾಡುತ್ತಿದ್ದಳು. "ನನ್ನ ಮೈಗೆ ಏನಾದ್ರೂ ನಾ ಗೊತ್ತಿದ್ದು ಮಾಡಿದ್ದು, ತಮ್ಮಾ. ನಿನ್ನ ತಲಿಮ್ಯಾಲ ಕಲ್ಲ ಬಿದ್ರ ನಿನ್ನ ಕೇಳಲಾರದ ನಿನ್ನ ಜೀವ ಪಣಕ್ಕಿಟ್ಟಂಗ ಆಗ್ತದ."

ಇನ್ನೊಂದು ಪದ್ಧತಿ ಇತ್ತು. ಇಬ್ಬರಲ್ಲಿ ಯಾರಾದರೂ ಒಬ್ಬರು 'ಇಳಿ' ಅಂದರೆ ಮುಗಿಯಿತು. ಏಕೆ ಎಂದು ಕಾಲು ನೆಲಕ್ಕೆ ಮುಟ್ಟುವವರೆಗೆ ಕೇಳುವಂತಿಲ್ಲ. ಬಂಡೆಗೆ ಜೋತುಬಿದ್ದು ವಾದ ಮಾಡಲು ಯಾರ ತೋಳಲ್ಲೂ ಅಷ್ಟು ಶಕ್ತಿ ಇರುವುದಿಲ್ಲ.

ಮೊದಲು ನಾವು ಗೋಡೆಯ ನಟ್ಟನಡುವಿನ ದಾರಿ ಹಿಡಿದೆವು. ಅರ್ಧಕ್ಕೆ ಬರುವಷ್ಟರಲ್ಲಿ ಚಾಚಿಕೊಂಡ ಬಂಡೆಯ ಅಡಿಯಲ್ಲಿ ಹೆಜ್ಜೇನು ಕಂಡಿತು. ಆ ದಾರಿ ಬಿಟ್ಟೆವು. ಎಡಗಡೆ ಉದ್ದಕ್ಕೆ ಒಂದು ಬಿರುಕಿತ್ತು. ಅದರೊಳಗೆ ಮುಷ್ಟಿ ತುರುಕಿ, ತಿರುಗಿಸಿ ಬಿಗಿಮಾಡಿ ಮೇಲೇರಬೇಕು. ಬಿರುಕು ಮುಗಿಯುವಲ್ಲಿ ನುಣ್ಣನೆಯ ಬಂಡೆ, ಅದರ ಮೇಲೆ ಒಂದು ಪುಟ್ಟ ಗೂಡಿನಂಥ ಕಟ್ಟೆ, ಕಟ್ಟೆಯಿಂದ ತುದಿಗೆ ಕೆಲವೇ ಮಾರು. ಕಟ್ಟೆಯ ಕೆಳಗೆ ಬಿಳಿಯ ಗೀರು ಇಳಿದಿತ್ತು. "ಪಾರಿವಾಳದ ಹೇಲು" ಎಂದೆ ನಾನು. ಅಕ್ಕನೂ ಹ್ಞೂಂ ಅಂದಳು. ಗುಡ್ಡದ ಹಿಂದಿನಿಂದ ನಡೆದು ತುದಿಗೆ ಹೋಗಿ, ಹಗ್ಗ ಇಳಿಬಿಟ್ಟು ನೋಡಬಹುದಿತ್ತು. ಆದರೆ ಮೇಲಿನಿಂದ ಇಣುಕಿ ನೋಡಿ ಆಮೇಲೆ ಕೆಳಗಿನಿಂದ ಹತ್ತುವುದು ಅಕ್ಕನ ಜಾಯಮಾನಕ್ಕೆ ಒಗ್ಗದ ಮಾತು.

ಬಿರುಕಿಲ್ಲದ ಕಡೆ ಅವಳು ಬಂಡೆಯ ಅಂಚಿಗೆ ಸಿಕ್ಕಿಸಿದ ಕೊಂಡಿಗೆ ಜೋತುಬಿದ್ದು, ಉಳಿ ಸುತ್ತಿಗೆಯಿಂದ ತೂತು ಕೊರೆದು ಬೋಲ್ಟ್ ಹಾಕುತ್ತಿದ್ದಳು. ಟಕ್ ಟಕ್ ಸದ್ದು ಇಡೀ ಬಯಲಿಗೆ ಕೇಳುತ್ತಿತ್ತು. ಬೆವರಿಗೆಂದು ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿ ಬಂಡೆಯ ಮೇಲೆ ಅಲ್ಲಲ್ಲಿ ಮೆತ್ತುತ್ತಿತ್ತು. ಒಂದು ದಿನ ಕುರಿ ಮೇಯಿಸುವವರು ಬಡಿಗೆ, ನಾಯಿಗಳ ಸಮೇತ ಬಂದು ನನ್ನನ್ನು ಸುತ್ತುವರಿದರು.

"ಎಲ್ಲೆಲ್ಲಿ ಸುರಂಗ ಇಟ್ಟು ಹಾರಸ್ತೀರಿ? ಗುರ್ತ ಹಾಕಾಕತ್ತೀರಿ ಅಲ್ಲಾ?"

ಗುತ್ತಿಗೆದಾರನ ಜನ ಕಲ್ಲು ಸಿಡಿಸುವ ಜಾಗಕ್ಕೆ ಬಿಳಿ ಬಣ್ಣದ ಚುಕ್ಕೆ ಇಟ್ಟುಹೋಗಿದ್ದರು. ನಮ್ಮ ಪುಡಿಯೂ ಬಿಳಿ, ಅವರ ಬಣ್ಣವೂ ಬಿಳಿ. ನಾವು ಗುಡ್ಡ ಉಳಿಸಲು ಬಂದವರು ಎಂದು ನಾನು ಗಂಟಲು ಹರಿದುಕೊಂಡರೂ ನಂಬಲಿಲ್ಲ. ಮರುದಿನ ಬಂದು ನೋಡಿದರೆ ಕೈಗೆ ನಿಲುಕುವಷ್ಟು ಎತ್ತರದವರೆಗೆ ಒದ್ದೆ ಗೋಣಿಚೀಲದಿಂದ ಗೋಡೆ ಉಜ್ಜಿಹಾಕಿದ್ದರು. ನನಗೆ ಸಿಟ್ಟು ಬಂದರೆ ಬಾಯಿಗೆ ಮನೆಯ ದಖ್ಖನಿ ಉರ್ದುವೇ ಬರುವುದು, ಅದನ್ನಿಲ್ಲಿ ಬರೆಯುವಂತಿಲ್ಲ. ಅಕ್ಕ ಮಾತ್ರ ಬಿದ್ದು ಬಿದ್ದು ನಕ್ಕಳು. "ಅವರೂ ತೂತು ಕೊರೀತಾರ, ನಾವೂ ಕೊರೀತೀವಿ. ಫರಕ್ ಹ್ಯಾಂಗ ತಿಳೀಬೇಕು ಅವರಿಗೆ?" ಅಂದಿನಿಂದ ಕೆಲಸ ಮುಗಿದ ಮೇಲೆ ಬ್ರಷ್ ಹಿಡಿದು ನಮ್ಮ ಗುರುತುಗಳನ್ನೆಲ್ಲ ಅವಳೇ ಒರೆಸತೊಡಗಿದಳು.

ಎಲ್ಲರ ಮುಂದೆ ಹತ್ತಬೇಕಾದ ದಿನ ಬಂತು. ಚಳಿಯಿತ್ತು, ಬಂಡೆ ಕೈಗೆ ಚೆನ್ನಾಗಿ ಹತ್ತುತ್ತಿತ್ತು. ಅಧ್ಯಕ್ಷೆ, ಕಾಲುವೆಯ ಇಂಜಿನಿಯರ್, ಗುತ್ತಿಗೆದಾರ, ಬೆಂಗಳೂರಿನಿಂದ ಬಂದ ಕ್ಯಾಮೆರಾದವನು, ಊರಿನ ಅರ್ಧ ಜನ, ಸಾಲದ್ದಕ್ಕೆ ಕುರಿಗಳು. ಅಕ್ಕ ಬಿರುಕನ್ನು ಏರಿದ್ದು ನೋಡಿದರೆ ಯಾರೂ ಕಷ್ಟದ ಕೆಲಸ ಅನ್ನುತ್ತಿರಲಿಲ್ಲ. ಬಿರುಕು ಮುಗಿಯಿತು. ಕೊನೆಯ ಬೋಲ್ಟಿಗೆ ಹಗ್ಗ ಸಿಕ್ಕಿಸಿ ನುಣ್ಣನೆಯ ಬಂಡೆಗೆ ಕಾಲಿಟ್ಟಳು. ಅಲ್ಲಿ ಹಿಡಿಯಲು ಬೆರಳ ತುದಿಯಷ್ಟೇ ಜಾಗ. ಅದನ್ನೂ ದಾಟಿ ಕಟ್ಟೆಯ ಅಂಚಿಗೆ ಕಣ್ಣು ಬರುವಷ್ಟು ಎತ್ತರಕ್ಕೆ ಹೋದಳು.

ನನ್ನ ಕೈಯಲ್ಲಿ ಹಗ್ಗ ನಿಂತಿತು. ಅವಳು ಅಲ್ಲಾಡುತ್ತಿಲ್ಲ. ಕೆಳಗಿನಿಂದ ನನಗೆ ಕಂಡಿದ್ದು ಅವಳ ಎಡಗಾಲಿನ ಹಿಮ್ಮಡಿ ನಡುಗುತ್ತಿದ್ದದ್ದು ಮಾತ್ರ. ಆಮೇಲೆ ಮೆಲ್ಲನೆಯ ಧ್ವನಿ: "ಇಳೀತೀನಿ."

ನಾನು ಏನೂ ಕೇಳಲಿಲ್ಲ. ಹಗ್ಗ ಬಿಗಿಮಾಡಿ, ಅವಳು ಕೈಬಿಟ್ಟು ಬೀಳಲಿ, ಹಿಡಿಯೋಣ ಎಂದು ಕಾದೆ. ಅವಳು ಬೀಳಲಿಲ್ಲ. ಹತ್ತಿದ ಹೆಜ್ಜೆಗಳನ್ನೇ ಒಂದೊಂದಾಗಿ ಹಿಂದಕ್ಕೆ ಇಡತೊಡಗಿದಳು. ಬಂಡೆ ಹತ್ತುವವರಿಗೆ ಗೊತ್ತು, ಹತ್ತುವುದಕ್ಕಿಂತ ಹಾಗೆ ಇಳಿಯುವುದು ಬಲು ಕಷ್ಟ. ಕಾಲಿಡುವ ಜಾಗ ಕಣ್ಣಿಗೆ ಕಾಣುವುದಿಲ್ಲ. ಸದ್ದಿಲ್ಲದೆ, ಬೆರಳ ತುದಿಯ ಮೇಲೆ ಇಡೀ ಮೈಭಾರ ಹಾಕಿ, ಬೋಲ್ಟಿನವರೆಗೆ ಬಂದಳು. ನಾನು ಇಷ್ಟಿಷ್ಟೇ ಹಗ್ಗ ಎಳೆದುಕೊಳ್ಳುತ್ತಿದ್ದೆ. ಅಂಥ ಇಳಿತ ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

"ಅಂಜಿದ್ರು ಬಾಯಾರು" ಎಂದ ಗುತ್ತಿಗೆದಾರ.

"ಬಿದ್ದಿದ್ರೂ ಒಂದು ಶಾಟ್ ಸಿಕ್ತಿತ್ತು" ಎಂದು ಕ್ಯಾಮೆರಾದವನು ಗೊಣಗಿದ.

ಬೋಲ್ಟಿನಿಂದ ಕೆಳಗೆ ನಾನು ಹಗ್ಗದಲ್ಲೇ ಇಳಿಸಿದೆ. ಅಕ್ಕನ ಕಾಲು ನೆಲಕ್ಕೆ ಮುಟ್ಟಿತು. ಬೆರಳ ತುದಿಗಳಲ್ಲಿ ರಕ್ತ. "ಕಟ್ಟಿಮ್ಯಾಲ ಮರಿ ಅವ, ಎರಡು. ನನ್ನ ಮಾರಿ ಕಂಡು ಹಿಂದಕ್ಕ ಸರಿಯಾಕತ್ತಿದ್ವು. ಅತ್ಲಾಗ ಅಂಚು. ನಾ ಕೈ ಮ್ಯಾಲಿಟ್ಟಿದ್ರ, ಇಲ್ಲಾ ಬಿದ್ದು ಸಪ್ಪಳ ಮಾಡಿದ್ರ, ಅವು ಬಯಲಿಗೆ ಬೀಳ್ತಿದ್ವು."

"ಯಾವ ಹಕ್ಕಿರಿ?" ಎಂದರು ಅಧ್ಯಕ್ಷೆ.

"ಕೊಂಬಿನ ಗೂಬಿ."

ಮುಂದೆ ನಿಂತಿದ್ದವರು ಹಿಂದೆ ಸರಿದರು. ಗುತ್ತಿಗೆದಾರ ಜೋರಾಗಿ ನಕ್ಕ. "ಗೂಬಿ ಕುಂತ ಗುಡ್ಡ! ಜಲ್ದಿ ಒಡದ್ರ ಊರಿಗೇ ಚಲೋ." ಅಧ್ಯಕ್ಷೆ ಮುಂದಿನ ಗ್ರಾಮಸಭೆಯಲ್ಲಿ ಮಾತಾಡೋಣ ಎಂದಷ್ಟೇ ಹೇಳಿ ಹೊರಟರು. ಕ್ಯಾಮೆರಾದವನು ಸಾಮಾನು ಕಟ್ಟಿದ. ನಾನು ಹಗ್ಗದ ಚೀಲಕ್ಕೆ ಒದ್ದೆ.

"ಗೂಬಿ ಅಂತ ಯಾಕ ಹೇಳಿದ್ರಿ? ಗಿಡುಗ ಅಂದಿದ್ರ ಏನ್ ಹೋಗ್ತಿತ್ತು? ನಮ್ಮ ಅಮ್ಮೀನೂ ಗೂಬಿ ಕೂಗಿದ್ರ ಬಾಗಲಾ ಹಾಕ್ತಾಳ್ರಿ!"

"ಸುಳ್ಳ ಹೇಳಿ ಉಳಸಬಹುದು. ಆಮ್ಯಾಲ ಅದು ಕೂಗತದಲ್ಲ?" ಎಂದಳು. ಆಮೇಲೆ ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತ ಅಂದಳು: "ಮ್ಯಾಲಿಂದ ಇಳದು ನೋಡಿದ್ರ ಮೊದ್ಲ ಗೊತ್ತಾಗ್ತಿತ್ತು. ನನ್ನ ಡೌಲು ನಡುವ ಬಂತು."

ಗೋಡೆಯ ಬುಡದಲ್ಲಿ, ಕಟ್ಟೆಯ ನೇರಕ್ಕೆ, ಬೂದುಬಣ್ಣದ ಒಣ ಉಂಡೆಗಳು ಬಿದ್ದಿದ್ದವು. ನಾನು ಇಷ್ಟು ದಿನ ಅವುಗಳನ್ನು ನರಿಯ ಹೇಲು ಎಂದು ಕಾಲಿನಿಂದ ಸರಿಸುತ್ತಿದ್ದೆ. ಗೂಬೆ ನುಂಗಿದ ಬೇಟೆಯ ಕೂದಲು, ಎಲುಬು ಅರಗದೆ ಹಾಗೆ ಉಂಡೆಯಾಗಿ ಬಾಯಿಂದ ಹೊರಬರುತ್ತದಂತೆ. ಅಕ್ಕ ಅವುಗಳನ್ನು ಆರಿಸಿ ರೊಟ್ಟಿಯ ಡಬ್ಬಿಗೆ ತುಂಬಿಕೊಂಡಳು. ಆ ಡಬ್ಬಿ ನನ್ನದಾಗಿತ್ತು.

ಗ್ರಾಮಸಭೆ ಶಾಲೆಯ ಪಡಸಾಲೆಯಲ್ಲಿ. ಅಕ್ಕ ಹಾಳೆ ಹಾಸಿ ಉಂಡೆಗಳನ್ನು ಒಡೆದಳು. ಒಂದೊಂದರಲ್ಲೂ ಇಲಿಯ ಬುರುಡೆ, ದವಡೆ, ಹಳದಿ ಹಲ್ಲು. ಭತ್ತ ಬೆಳೆಯುವವರು ಎದ್ದು ಬಂದು ಬಗ್ಗಿ ನೋಡಿದರು. ಗದ್ದೆಯ ಬದುವಿನ ಬಿಲಗಳಿಗೆ ವಿಷ ಇಟ್ಟು ಸಾಕಾಗಿದ್ದವರು ಅವರು. "ಇವೆಲ್ಲಾ ನಮ್ಮ ಗದ್ದ್ಯಾಗಿನವ ಅವ ನೋಡ್ರಿ!" ಎಂದು ಒಬ್ಬಾತ ಕೂಗಿದ. ಸಭೆ ನಮ್ಮ ಕಡೆ ವಾಲಿತು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಕಾಲುವೆಯ ಕಟ್ಟಕಡೆಯ ಹೊಲದವಳು. "ಭತ್ತ ಹಾಕಿದವರಿಗೆ ಇಲಿ ಫಿಕರು. ನಮ್ಮ ಹೊಲಕ್ಕ ನೀರೂ ಬರಂಗಿಲ್ಲ, ಇಲಿನೂ ಬರಂಗಿಲ್ಲ. ನಮಗ ಕಲ್ಲ ಬೇಕು." ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅಕ್ಕನನ್ನೇ ನೋಡುತ್ತ ಕೇಳಿದಳು: "ಹಕ್ಕಿ ಸಲುವಾಗಿ ನಾವು ಕಲ್ಲ ಬಿಡಬೇಕು ಅಂತೀದಿ. ನೀ ಏನ್ ಬಿಡ್ತೀದಿ?"

ಮರಿಗಳು ಹಾರಿಹೋದ ಮೇಲೆ ಮತ್ತೆ ಹತ್ತುವುದು, ಕ್ಯಾಮೆರಾ ಮತ್ತೆ ಕರೆಸುವುದು, ಇದೇ ನಮ್ಮ ಹಂಚಿಕೆಯಾಗಿತ್ತು. ವರ್ಷಗಳಿಂದ ಅವಳು ಕಣ್ಣಿಟ್ಟಿದ್ದ ಗೋಡೆ ಅದು.

"ಈ ಗ್ವಾಡಿ ಬಿಡ್ತೀನಿ, ಯವ್ವ. ಗೂಬಿ ಪ್ರತಿ ವರ್ಷ ಅಲ್ಲೇ ಮರಿ ಮಾಡ್ತದ. ನಾ ಹತ್ತಿದ್ರ ನನ್ನ ಹಿಂದ ನೂರು ಮಂದಿ ಬರ್ತಾರ. ಅದಕ್ಕ ನಾ ಇನ್ನ ಹತ್ತಂಗಿಲ್ಲ. ಹಾಕಿದ ಬೋಲ್ಟ್ ಎಲ್ಲಾ ಕಿತ್ತಿ ಒಯ್ತೀನಿ."

ಮುದುಕಿ ಅಲ್ಲಿಗೇ ಬಿಡಲಿಲ್ಲ. "ಮತ್ತ ನನ್ನ ಕಲ್ಲು?"

ಅಕ್ಕ ಗುತ್ತಿಗೆದಾರನ ಕಡೆ ತಿರುಗಿದಳು. ಗುಡ್ಡದ ಹಿಂದುಗಡೆ ಒಂದು ಹಳೇ ಕಲ್ಲುಗಣಿ ಇತ್ತು. ಅದನ್ನೇಕೆ ಬಿಟ್ಟಿರಿ ಎಂದು ಕೇಳಿದಳು. "ಅಲ್ಲಿ ಮ್ಯಾಲ ದೊಡ್ಡ ಹಾಸುಗಲ್ಲು ತೂಗಾಕತ್ತದ. ಅದರ ಕೆಳಗ ಆಳು ಯಾರ ಹೋಗ್ತಾರ್ರಿ?" ಎಂದ ಅವನು.

"ಅದನ್ನ ನಾವ ಕೆಡವಿ ಕೊಡ್ತೀವಿ" ಎಂದಳು ಅಕ್ಕ. ಆ 'ನಾವು' ಅನ್ನುವುದರಲ್ಲಿ ನಾನೂ ಸೇರಿದ್ದೇನೆ ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೋಡೋಣ, ಗಣಿ ಸುರಕ್ಷಿತವಾದರೆ ಅಲ್ಲಿಂದಲೇ ಕಲ್ಲು ತೆಗೆಸುತ್ತೇನೆ ಎಂದು ಇಂಜಿನಿಯರ್ ಒಪ್ಪಿದರು.

ಗಣಿಯ ಕೆಲಸಕ್ಕೆ ಚಪ್ಪಾಳೆ ಇಲ್ಲ, ಕ್ಯಾಮೆರಾ ಇಲ್ಲ, ಬರೀ ಧೂಳು. ಮೇಲಿನ ದೊಡ್ಡ ಬಂಡೆಗಳಿಗೆ ಹಗ್ಗ ಕಟ್ಟಿ ಇಳಿಯುತ್ತಿದ್ದೆವು. ಒಬ್ಬೊಬ್ಬರಿಗೆ ಎರಡೆರಡು ಹಗ್ಗ, ಒಂದು ಕೆಲಸಕ್ಕೆ, ಇನ್ನೊಂದು ಆ ಒಂದು ಹರಿದರೆ ಇರಲಿ ಎಂದು. ಸುತ್ತಿಗೆಯಿಂದ ಕಲ್ಲನ್ನು ತಟ್ಟಿ ಕೇಳಬೇಕು. ಠಣ್ ಅಂದರೆ ಗಟ್ಟಿ, ಡಬ್ ಅಂದರೆ ಹಿಂದೆ ಪೊಳ್ಳು. ಪೊಳ್ಳಿದ್ದದ್ದನ್ನು ಹಾರೆಯಿಂದ ಮೀಟಿ ಬೀಳಿಸಬೇಕು. ಮೇಲಿನದು ಮುಗಿಯದೆ ಕೆಳಗಿನದಕ್ಕೆ ಹೋಗುವಂತಿಲ್ಲ. ಮೊದಲ ದಿನಗಳಲ್ಲೇ ಒಂದು ಚೂರು ಕಲ್ಲು ಸಿಡಿದು ಹಗ್ಗಕ್ಕೆ ತಾಗಿತು. ಉಗುರಿನಿಂದ ಕೆರೆದಷ್ಟೇ ಗಾಯ. ಇದರಲ್ಲಿ ಇನ್ನೂ ಆನೆ ಕಟ್ಟಬಹುದು ಎಂದು ನಾನು ಹೇಳಿದೆ. ಅಕ್ಕ ಕೆಲಸ ನಿಲ್ಲಿಸಿ, ಬೇರೆ ಯಾರೂ ಆಸೆಪಟ್ಟು ಬಳಸದಂತೆ ಆ ಹೊಸ ಹಗ್ಗವನ್ನು ತುಂಡು ತುಂಡು ಮಾಡಿದಳು. ಕುರಿಯವರು ಆ ತುಂಡುಗಳನ್ನು ಕುರಿ ಕಟ್ಟುವ ದಾವಣಿಗೆ ಒಯ್ದರು.

ಉಳಿದದ್ದು ಹಾಸುಗಲ್ಲು. ಅದರ ಹಿಂದಿನ ಬಿರುಕಿಗೆ ಲಾರಿಯ ಜಾಕ್ ಸೇರಿಸಿ, ಪಕ್ಕದಲ್ಲಿ ಜೋತುಬಿದ್ದು ಒತ್ತುವುದು ಅಕ್ಕನ ಯೋಚನೆ. ಜಾಕ್ ಒತ್ತುವ ಕೈ ಕಲ್ಲಿನ ಮಗ್ಗುಲಲ್ಲಿರಬೇಕು, ಮುಂದಲ್ಲ, ಕೆಳಗಂತೂ ಅಲ್ಲವೇ ಅಲ್ಲ. ಮೊದಲ ಸಲ ಜಾಕ್ ಜಾರಿ ಗಣಿಯ ತಳಕ್ಕೆ ಬಿದ್ದು ಚೂರಾಯಿತು. ಗುತ್ತಿಗೆದಾರ ಬೈದುಕೊಳ್ಳುತ್ತಲೇ ಇನ್ನೊಂದು ತಂದುಕೊಟ್ಟ. ಅಷ್ಟು ಹೊತ್ತಿಗೆ ಅವನೂ ಟೋಪಿ ತೆಗೆದು ಅಕ್ಕನ ಮಾತು ಕೇಳುವಂತಾಗಿದ್ದ. ಎರಡನೆಯ ಸಲ ಜಾಕಿನ ಕೆಳಗೆ ಕಬ್ಬಿಣದ ತುಂಡು ಕೊಟ್ಟು ಕೂರಿಸಿದಳು. ನಾನು ಮೇಲೆ ಅವಳ ಹಗ್ಗ ಹಿಡಿದು ಕೂತಿದ್ದೆ. ಒತ್ತಿದಳು, ಕಿವಿಗೊಟ್ಟಳು, ಮತ್ತೆ ಒತ್ತಿದಳು. ಕಲ್ಲಿನೊಳಗೆ ಎಲ್ಲೋ ಕರ್ ಅಂದ ಸದ್ದು ನನಗೂ ಕೇಳಿಸಿತು. ಆಮೇಲೆ ಇಡೀ ಹಾಸುಗಲ್ಲು ಮುಂದಕ್ಕೆ ಬಾಗಿ ಹೋಗಿಬಿಟ್ಟಿತು. ನೆಲ ನಡುಗಿತು. ಧೂಳಿನಲ್ಲಿ ಅಕ್ಕ ಕಾಣಲಿಲ್ಲ. ಹಗ್ಗದಲ್ಲಿ ಅವಳ ಭಾರ ಇದ್ದದ್ದೇ ನನಗೆ ಧೈರ್ಯ.

"ಅಕ್ಕಾರ!"

"ಇದ್ದೀನಿ, ಒದರಬ್ಯಾಡ" ಎಂದಿತು ಧೂಳು. ನಾನು ಅತ್ತುಬಿಟ್ಟೆ. ದೂರದ ಬೇವಿನ ಗಿಡದ ಕೆಳಗೆ ಮುದುಕಿ ಕೂತಿದ್ದಳು. ಕಲ್ಲು ಬಿತ್ತೋ ಇಲ್ಲವೋ ಎಂದು ನೋಡಲು ದಿನಾಲೂ ಬರುತ್ತಿದ್ದವಳು ಅಂದು ಎದ್ದು, ಸೆರಗು ಝಾಡಿಸಿ, ಹೊಲದ ಕಡೆ ನಡೆದಳು.

ಕಾಲುವೆಯ ಕೊನೆಗೆ ಕಲ್ಲು ಹಳೇ ಗಣಿಯಿಂದಲೇ ಹೋಯಿತು. ಮೂಡಣ ಗೋಡೆಯನ್ನು ಬಿಡಲು ಸಭೆ ಒಪ್ಪಿತು. ಮುದುಕಿಯ ಹೊಲಕ್ಕೆ ನೀರು ಬಂತು, ಅವಳು ಬಯಸಿದಷ್ಟು ಅಲ್ಲ. ಗುಡ್ಡದ ಹಿಂದುಗಡೆ ಮಾತ್ರ ಇವತ್ತು ನೋಡುವಂತಿಲ್ಲ, ಅಷ್ಟು ಅಗೆದಿದ್ದಾರೆ. ಬೂಟಿನ ಕಂಪನಿ ಬೇರೆ ಯಾರದೋ ಸಿನಿಮಾ ಮಾಡಿತು. ನನಗೆ ಹೊಟ್ಟೆ ಉರಿಯಿತು. ಅಕ್ಕನಿಗೆ ಉರಿದಿದ್ದರೂ ನನಗೆ ತೋರಿಸಲಿಲ್ಲ.

ಬೇಸಿಗೆ ಹೊತ್ತಿಗೆ ಮರಿಗಳು ಹಾರಿಹೋದವು. ಬೋಲ್ಟ್ ಕೀಳಲು ಹೋದೆವು. ಈ ಸಲ ಹಿಂದಿನಿಂದ ನಡೆದು ತುದಿಗೆ ಹೋಗಿ, ನಾನು ಮೇಲೆ ಕೂತು ಹಗ್ಗ ಹಿಡಿದೆ, ಅಕ್ಕ ಅಂಚಿನಿಂದ ಕೆಳಗಿಳಿದಳು. ಖಾಲಿ ಕಟ್ಟೆಯನ್ನು ದಾಟಿ, ಅಂದು ಹಗ್ಗ ಸಿಕ್ಕಿಸಿದ್ದ ಕೊನೆಯ ಬೋಲ್ಟಿನ ಹತ್ತಿರ ನಿಂತಳು. ನಾನು ಬಗ್ಗಿ ನೋಡಿದೆ. ಅವಳ ಮತ್ತು ನನ್ನ ನಡುವೆ ಅವಳು ಹತ್ತಿ ಮುಗಿಸದೇ ಉಳಿದ ಅಷ್ಟು ಬಂಡೆ ಇತ್ತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

"ಅಕ್ಕಾರ, ಗೂಬಿ ಹಾರಿ ಹೋಗ್ಯಾವ. ಇಲ್ಲಿಂದ ಇಷ್ಟ ಅದ. ಒಮ್ಮೆ ಹತ್ತಿ ಬಂದುಬಿಡ್ರಿ, ಆಮ್ಯಾಲ ಕೀಳೂಣಂತ."

ಅವಳು ಕೈ ಚಾಚಿ ಬೋಲ್ಟಿನ ಮೇಲಿನ ಹಿಡಿಯನ್ನು ಮುಟ್ಟಿದಳು. ನಾಲ್ಕೂ ಬೆರಳ ತುದಿ ಅದರಲ್ಲಿ ಕೂತವು. "ಅಗದಿ ಚಂದ ಅದ ಇದು" ಎಂದಳು. ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದು, ಕೈ ತೆಗೆದಳು.

"ನಾ ಮಾತ ಕೊಟ್ಟಿದ್ದು ಗೂಬಿಗಲ್ಲ, ತಮ್ಮಾ. ಆ ಯವ್ವಗ. ಆಕಿ ಎಲ್ಲೂ ಹಾರಿ ಹೋಗಿಲ್ಲ."

ಸೊಂಟದಿಂದ ಪಾನಾ ತೆಗೆದು ಬೋಲ್ಟಿಗೆ ಹಾಕಿ ತಿರುಗಿಸತೊಡಗಿದಳು.